ನಗುವ ಮಕ್ಕಳಿಗೇ ಮೊದಲ ಪಾಠ

ಎಂಟನೇ ಕ್ಲಾಸಿನಲ್ಲಿ ಹಾಜರಿ ಕರೆಯುವಾಗ ಒಂದು ಹೆಸರಿಗೆ ಮಾತ್ರ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಬರುತ್ತಿತ್ತು. ಆ ಹುಡುಗ ಸ್ವಲ್ಪ ತೊದಲುತ್ತಿದ್ದ. ಜೂನ್‌ನಲ್ಲಿ "ಪ್ರೆಸೆಂಟ್ ಮಿಸ್" ಅನ್ನುತ್ತಿದ್ದವನು ಆಗಸ್ಟ್ ಹೊತ್ತಿಗೆ ಸುಮ್ನೆ ಕೈ ಎತ್ತತೊಡಗಿದ. ದಸರಾ ರಜೆ ಮುಗಿದ ಮೇಲೆ ಶಾಲೆಗೇ ಬರಲಿಲ್ಲ. ಆ ನಗುವನ್ನು ನಾನು ದಿನವೂ ಕೇಳಿದ್ದೆ. ಮಕ್ಕಳಾಟ ಅಂದುಕೊಂಡು ಮುಂದಿನ ಹೆಸರು ಕರೆದಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ. ಆಮೇಲಿನಿಂದ ಪ್ರತಿ ವರ್ಷ, ಮಕ್ಕಳು ಒಬ್ಬರನ್ನೊಬ್ಬರು ಕಾಡಿಸದಿರಲಿ ಅಂತ ಒಂದು ಪಾಠ ಮಾಡುತ್ತಿದ್ದೇನೆ. ವಾರಕ್ಕೆ ಒಂದು ಪಿರಿಯಡ್ ಸಾಕು.

ಜೂನ್‌ನಲ್ಲೇ ಶುರು ಮಾಡಿ

ಏಳನೇ ಕ್ಲಾಸ್ ಮುಗಿಸಿದ ನಾಲ್ಕಾರು ಊರಿನ ಮಕ್ಕಳು ಒಂದೇ ಹೈಸ್ಕೂಲಿಗೆ ಬರುತ್ತಾರೆ. ಯಾರ ಗುಂಪು ಯಾವುದು, ಯಾರ ಮಾತು ನಡೆಯುತ್ತದೆ ಎಂಬುದು ಮೊದಲ ಕೆಲವು ವಾರಗಳಲ್ಲೇ ಗಟ್ಟಿಯಾಗುತ್ತದೆ. ಅಡ್ಡಹೆಸರು ಅಂಟಿಕೊಳ್ಳುವುದೂ ಆಗಲೇ.

ತಮಾಷೆ ಯಾವುದು, ಕಾಟ ಯಾವುದು?

ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆಯಿರಿ. ಇಬ್ಬರೂ ನಗ್ತಿದ್ದಾರಾ? ಬೇಡ ಅಂದ ಮೇಲೂ ಮತ್ತೆ ಮತ್ತೆ ನಡೀತಿದೆಯಾ? ತಿರುಗಿ ಹೇಳುವ ಧೈರ್ಯ ಎದುರಿನವರಿಗೆ ಇದೆಯಾ? ನೋಯಿಸುವ ಉದ್ದೇಶ, ಪದೇ ಪದೇ ನಡೆಯುವುದು, ಬಲದ ವ್ಯತ್ಯಾಸ: ಶಾಲೆಯ ಕಿರುಕುಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಡಾನ್ ಓಲ್ವೇಯಸ್ ಗುರುತಿಸಿದ್ದೂ ಇವನ್ನೇ. ಉದಾಹರಣೆಗಳನ್ನು ಮಕ್ಕಳೇ ಕೊಡಲಿ. ಮೈಬಣ್ಣ, ಜಾತಿ, ಬಿಸಿಯೂಟದಲ್ಲಿ ಒಬ್ಬಳ ಪಕ್ಕ ಯಾರೂ ಕೂರದಿರುವುದು, ವಾಟ್ಸಾಪ್ ಗ್ರೂಪಿನಲ್ಲಿ ಫೋಟೊ ಹಾಕಿ ಗೋಳು ಹೊಯ್ದುಕೊಳ್ಳುವುದು, ಎಲ್ಲವೂ ಬರುತ್ತದೆ.

ನೋಡುತ್ತ ನಿಂತವರ ಪಾಠ

ಜಾಸ್ತಿ ಸಮಯ ಇಲ್ಲಿಗೇ ಕೊಡಿ. ಕಾಡಿಸುವವನು ಒಬ್ಬನೇ ಇರಬಹುದು, ಅವನಿಗೆ ಹುರುಪು ಬರುವುದು ಸುತ್ತಲಿನವರ ನಗುವಿನಿಂದ. ಶಾಲೆಯ ಕಿರುಕುಳ ತಡೆಯಲು ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯ ರೂಪಿಸಿದ 'ಕಿವಾ' ಕಾರ್ಯಕ್ರಮ ಇದೇ ಸುತ್ತಲಿನವರನ್ನು ಗುರಿಯಾಗಿಟ್ಟುಕೊಂಡಿತು. 2009ರಲ್ಲಿ ಅದು ಆ ದೇಶದ ಶಾಲೆಗಳಿಗೆಲ್ಲ ಹರಡತೊಡಗಿತು.

ಮಕ್ಕಳನ್ನು ಐದೈದು ಜನರ ತಂಡ ಮಾಡಿ, ಒಂದು ಸಣ್ಣ ನಾಟಕ ಆಡಿಸಿ. ಬಸ್ ಸ್ಟಾಪಿನಲ್ಲಿ ಒಬ್ಬಳ ಬ್ಯಾಗ್ ಕಿತ್ತುಕೊಂಡಿದ್ದಾರೆ ಅಂತ ಇಟ್ಟುಕೊಳ್ಳಿ. ಮೊದಲ ಸಲ ಎಲ್ಲರೂ ನಗಲಿ. ಎರಡನೇ ಸಲ ಒಬ್ಬಳು ಮಾತ್ರ ನಗದೆ, "ಬಾರೇ, ನಮ್ ಜೊತೆ ಹೋಗೋಣ" ಎಂದು ಕೈ ಹಿಡಿಯಲಿ. ಬ್ಯಾಗ್ ಕಿತ್ತುಕೊಂಡವಳಿಗೆ ಏನನ್ನಿಸಿತು ಅಂತ ಆಮೇಲೆ ಕೇಳಿ. ನನ್ನ ಕ್ಲಾಸಿನಲ್ಲಿ ಒಬ್ಬಳು ತಲೆ ತಗ್ಗಿಸಿ, "ಬ್ಯಾಗ್ ಭಾರ ಅನ್ನಿಸ್ತು ಮಿಸ್" ಅಂದಳು. ನಾನು ಹೇಳಬೇಕೆಂದಿದ್ದ ಮಾತೆಲ್ಲ ಅಷ್ಟರಲ್ಲೇ ಮುಗಿದಿತ್ತು.

ಒಂದು ಎಚ್ಚರಿಕೆ. ನಿಜವಾಗಿ ನೋವು ತಿನ್ನುತ್ತಿರುವ ಮಗುವಿಗೆ ಅದೇ ಪಾತ್ರ ಕೊಡಬೇಡಿ. ಕ್ಲಾಸಿನಲ್ಲೇ ನಡೆದ ಘಟನೆಯನ್ನೂ ಆಡಿಸಬೇಡಿ.

ಹೇಳಲು ದಾರಿ ಮಾಡಿ

ಚಾಡಿ ಹೇಳುವುದು ಬೇರೆ, ಸಹಾಯ ಕೇಳುವುದು ಬೇರೆ ಅಂತ ಬಿಡಿಸಿ ಹೇಳಿ. ಸಲಹಾ ಪೆಟ್ಟಿಗೆ ಇಟ್ಟರೆ ಸಾಲದು. ಚೀಟಿ ಹಾಕಲು ಹೋದವನನ್ನು ಎಲ್ಲರೂ ನೋಡುತ್ತಾರಲ್ವಾ? ಅದಕ್ಕೇ ಶುಕ್ರವಾರ ಎಲ್ಲರೂ ಚೀಟಿ ಹಾಕಬೇಕು, ಖಾಲಿ ಇದ್ದರೂ ಸರಿ. ಅಂದೇ ಓದಿ.

ದೂರು ಬಂದಾಗ

ಇಬ್ಬರನ್ನೂ ಎದುರು ಬದುರು ನಿಲ್ಲಿಸಿ "ಕೈ ಕುಲುಕಿ, ಫ್ರೆಂಡ್ಸ್ ಆಗಿ" ಅನ್ನುವುದು ನಮ್ಮಲ್ಲಿ ವಾಡಿಕೆ. ದಯವಿಟ್ಟು ಬಿಡಿ. ಗೇಟ್ ದಾಟಿದ ಮೇಲೆ ಸಿಟ್ಟೆಲ್ಲ ದೂರು ಕೊಟ್ಟ ಮಗುವಿನ ಮೇಲೇ ತಿರುಗುತ್ತದೆ. ಬೇರೆ ಬೇರೆಯಾಗಿ ಕೂರಿಸಿ ಮಾತಾಡಿ. ನೊಂದ ಮಗುವಿನ ಮಾತನ್ನು ಮೊದಲು ಪೂರ್ತಿ ಕೇಳಿ. ಕಾಡಿಸಿದವನಿಗೆ ಹೊಡೆಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಅಲ್ಲದೆ ಬಲ ಇದ್ದವರು ಹೊಡೆಯಬಹುದು ಎಂಬ ಪಾಠವನ್ನು ನಾವೇ ಕಲಿಸಿದ ಹಾಗಾಗುತ್ತದೆ. ಅವನು ಏನು ಸರಿಪಡಿಸುತ್ತಾನೆ ಎಂದು ಅವನ ಬಾಯಲ್ಲೇ ಹೇಳಿಸಿ. ಒಂದು ವಾರ ಬಿಟ್ಟು ಇಬ್ಬರನ್ನೂ ಮತ್ತೆ ವಿಚಾರಿಸಿ.

ಕೈಮೀರಿದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098, ಮನಸ್ಸು ಕುಗ್ಗಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಎರಡನ್ನೂ ಬೋರ್ಡಿನ ಮೂಲೆಯಲ್ಲಿ ಬರೆದಿಡಿ.

ಸ್ಟಾಫ್ ರೂಮಿನಲ್ಲೂ ಒಂದು ಕೆಲಸವಿದೆ. ಕುಳ್ಳ, ದಡ್ಡ, ಡುಮ್ಮಿ ಅಂತ ನಾವೇ ಕರೆಯುತ್ತೇವೆ, ಮಕ್ಕಳು ಅದನ್ನೇ ಎತ್ತಿಕೊಳ್ಳುತ್ತಾರೆ. ನಾಳೆ ಹಾಜರಿ ಕರೆಯುವಾಗ ಪುಸ್ತಕದಿಂದ ತಲೆ ಎತ್ತಿ, ಯಾವ ಹೆಸರಿಗೆ ನಗು ಬರುತ್ತದೆ ಕೇಳಿ.