ಕಮಿಷನ್ ಆದಾಯದವರಿಗೆ ಗೃಹಸಾಲ: ಮೊದಲು ಕಡತ, ಆಮೇಲೆ ಬ್ಯಾಂಕು

ಮಂಗಳೂರಿನಲ್ಲಿ ಗುತ್ತಿಗೆ ಕೆಲಸ, ಜೊತೆಗೆ ವಿಮೆ ಏಜೆನ್ಸಿಯ ಕಮಿಷನ್; ಮನೆ ಕಟ್ಟುವುದು ಗಡಿಯಾಚೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲೋ ಕುಂಬಳೆಯಲ್ಲೋ. ನಮ್ಮಲ್ಲಿ ಇಂಥವರು ಬಹಳ ಮಂದಿ. ಸಂಬಳದ ಚೀಟಿ ಇಲ್ಲವೆಂದು ಸಾಲದ ಆಸೆ ಬಿಡಬೇಕಿಲ್ಲ.

ಬ್ಯಾಂಕು ಮುಖ್ಯವಾಗಿ ನೋಡುವುದು ಎರಡು-ಮೂರು ವರ್ಷಗಳ ಆದಾಯ ತೆರಿಗೆ ರಿಟರ್ನ್. ಮಾರ್ಚಿನಲ್ಲಿ ಬಂದ ದೊಡ್ಡ ಕಮಿಷನ್ ತೋರಿಸಿ ಪ್ರಯೋಜನವಿಲ್ಲ. ವರ್ಷಗಳ ಸರಾಸರಿಯೇ ಲೆಕ್ಕಕ್ಕೆ. ಅದೂ ಖರ್ಚು ಕಳೆದ ಮೊತ್ತ. ಆರು ಲಕ್ಷ ಕಮಿಷನ್ ಬಂದು, ಪೆಟ್ರೋಲು, ಫೋನು ಎಂದು ಮೂರು ಲಕ್ಷ ಖರ್ಚು ತೋರಿಸಿದರೆ ನಿಮ್ಮ ಆದಾಯ ಮೂರೇ ಲಕ್ಷ. ತೆರಿಗೆ ಉಳಿಯಿತೆಂದು ಹಿಗ್ಗಿದವರು ಸಾಲದ ಮೊತ್ತ ಕಂಡು ಕುಗ್ಗುತ್ತಾರೆ. ಇನ್ನೊಂದು: ವಹಿವಾಟಿನ ಇಂತಿಷ್ಟು ಪಾಲನ್ನೇ ಆದಾಯವೆಂದು ತೋರಿಸಲು ಸಣ್ಣ ವ್ಯಾಪಾರಿಗಳಿಗಿರುವ ಅಂದಾಜು ಆದಾಯದ ಸೌಲಭ್ಯ (1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಸೆಕ್ಷನ್) ಕಮಿಷನ್ ಆದಾಯಕ್ಕೆ ಅನ್ವಯಿಸಿದ್ದಲ್ಲ. ಹಳೆಯ ರಿಟರ್ನ್‌ಗಳಲ್ಲಿ ಹಾಗೆ ತೋರಿಸಿದ್ದರೆ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿ.

ಕಮಿಷನ್ ಕೊಡುವಾಗಲೇ ಕಂಪನಿ ಕಡಿತ ಮಾಡಿದ ತೆರಿಗೆ (ಟಿಡಿಎಸ್), ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ ಬಂದಿದೆಯೇ ಎಂದು ಸಾಲು ಸಾಲಾಗಿ ನೋಡಿ. ಕಂಪನಿಯವರು ನಿಮ್ಮ ಪ್ಯಾನ್ ಸಂಖ್ಯೆಯ ಒಂದಕ್ಷರ ತಪ್ಪಾಗಿ ಬರೆದರೂ ಅಲ್ಲಿ ಕಾಣುವುದಿಲ್ಲ. ಗುತ್ತಿಗೆ ನವೀಕರಣದ ಪತ್ರಗಳನ್ನೆಲ್ಲ ಕ್ರಮವಾಗಿ ಜೋಡಿಸಿಡಿ. ಖಾಯಂ ಸಂಬಳದ ಪತ್ನಿಯೋ ಪತಿಯೋ ಇದ್ದರೆ ಸಹ ಅರ್ಜಿದಾರರಾಗಿಸಿ.

ಸ್ಥಳ ಕೇರಳದ್ದಾದ್ದರಿಂದ ಕಾಸರಗೋಡು ಜಿಲ್ಲೆಯ ಶಾಖೆಯಲ್ಲೇ ಅರ್ಜಿ ಹಾಕುವುದು ಲೇಸು. ಮಲಯಾಳದಲ್ಲಿರುವ ಆಧಾರ (ಜಾಗದ ನೋಂದಣಿ ಪತ್ರ), ಜಾಗದ ಮೇಲೆ ಸಾಲವಿದೆಯೇ ಎಂದು ತಿಳಿಸುವ ಋಣಭಾರ ಪತ್ರ, ವಿಲೇಜ್ ಆಫೀಸಿನ ಸ್ವಾಧೀನ ಪತ್ರ, ಭೂತೆರಿಗೆ ರಸೀದಿ ಇವನ್ನೆಲ್ಲ ಅಲ್ಲಿನ ವಕೀಲರು ದಿನನಿತ್ಯ ನೋಡುವವರು. ಬದಲಾಗುವ ಬಡ್ಡಿದರದ ಸಾಲವನ್ನೇ ಕೇಳಿ. ವ್ಯಕ್ತಿಗಳ ಅಂಥ ಗೃಹಸಾಲಕ್ಕೆ ಅವಧಿಪೂರ್ವ ಮರುಪಾವತಿ ದಂಡವಿಲ್ಲ. ಒಳ್ಳೆಯ ಕಮಿಷನ್ ಬಂದ ತಿಂಗಳು ಸಾಲದ ಅಸಲಿಗೆ ಹೆಚ್ಚು ಕಟ್ಟಬಹುದು.