ಎಸಿ ನಾನೇ ಕೂರಿಸಿದೆ, ಗ್ಯಾಸ್ ಸೋರದ ಹಾಗೆ

ಮೊದಲೇ ಒಂದು ಮಾತು. ಎಸಿಯ ಗ್ಯಾಸ್ ಅಡುಗೆಮನೆಯ ಸಿಲಿಂಡರಿನ ಗ್ಯಾಸಿನಂತೆ ಉರಿದು ಖಾಲಿಯಾಗುವಂಥದ್ದಲ್ಲ. ಅದು ಪೈಪಿನೊಳಗೇ ಸುತ್ತುತ್ತಿರುತ್ತದೆ. ಸೋರದಿದ್ದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಆದರೂ ನಮ್ಮ ಕಲಬುರಗಿಯಲ್ಲಿ ಮಾರ್ಚ್ ಬಂತೆಂದರೆ "ಈ ವರ್ಷ ಗ್ಯಾಸ್ ತುಂಬಿಸ್ಬೇಕ್ರಿ" ಅನ್ನುವುದು ಮಾಮೂಲಿ. ಪ್ರತಿ ವರ್ಷ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಹೆಚ್ಚಾಗಿ ಜಾಯಿಂಟ್ ಸರಿ ಕೂತಿರುವುದಿಲ್ಲ. ಆ ಜಾಯಿಂಟುಗಳನ್ನು ನಾನೇ ನಿಧಾನವಾಗಿ, ಸರಿಯಾಗಿ ಮಾಡಬೇಕು ಅನ್ನುವ ಹಟದಿಂದಲೇ ಮೇಲಿನ ಕೋಣೆಯ 1.5 ಟನ್ ಸ್ಪ್ಲಿಟ್ ಎಸಿಗೆ ಕೈ ಹಾಕಿದೆ. ಮಾಡುವ ಮುಂಚೆ ವಾರಂಟಿ ಕಾಗದ ಓದಿಕೊಳ್ಳಿ. ಕೆಲವು ಕಂಪನಿಯವರು ತಮ್ಮ ಕಡೆಯವರೇ ಕೂರಿಸಬೇಕು ಎಂದು ಬರೆದಿರುತ್ತಾರೆ.

ಕರೆಂಟಿನ ಕೆಲಸ ಮಾತ್ರ ವೈರ್‌ಮನ್‌ಗೆ ಬಿಟ್ಟೆ. ಬೋರ್ಡಿನಿಂದ ಎಸಿಗೇ ಬೇರೆ ಲೈನು, 4 ಸ್ಕ್ವೇರ್ ಎಂಎಂ ತಾಮ್ರದ ವೈರು, 20 ಆಂಪ್ಸ್ ಎಂಸಿಬಿ, ಒಳ್ಳೆಯ ಅರ್ಥಿಂಗ್. ಔಟ್‌ಡೋರ್ ಯೂನಿಟ್ಟನ್ನು ಉತ್ತರದ ಗೋಡೆಗೆ ಹಾಕಿದೆ. ಪಡುವಣ ಗೋಡೆಯ ಬಿಸಿಲಿಗೆ ಇಟ್ಟರೆ 42 ಡಿಗ್ರಿಯ ಮಧ್ಯಾಹ್ನ ಅದು ಒಳಗಿನ ಶಾಖ ಎಲ್ಲಿಗೆ ಬಿಡಬೇಕು ಹೇಳಿ? ಗೋಡೆಯ ತೂತು ಹೊರಗಡೆಗೆ ಸ್ವಲ್ಪ ಇಳಿಜಾರು ಇರಬೇಕು, ಡ್ರೈನ್ ಪೈಪ್ ಎಲ್ಲೂ ಮೇಲೇಳಬಾರದು. ಇಷ್ಟು ನೋಡಿಕೊಂಡರೆ ನೀರು ಮನೆಯೊಳಗೆ ತೊಟ್ಟಿಕ್ಕುವುದಿಲ್ಲ.

ನಿಜವಾದ ಕೆಲಸ ಪೈಪಿನ ಬಾಯಿಯಲ್ಲಿದೆ. ನನ್ನ ಯಂತ್ರಕ್ಕೆ ಕಾಲಿಂಚಿನದೊಂದು, ಅರ್ಧ ಇಂಚಿನದೊಂದು ತಾಮ್ರದ ಪೈಪು. ಕಟರ್ ಅನ್ನು ಒಂದೇ ಸಲಕ್ಕೆ ಬಿಗಿ ಮಾಡದೆ ಸುತ್ತಿಸುತ್ತಾ ಕತ್ತರಿಸಬೇಕು. ಕತ್ತರಿಸಿದ ಅಂಚು ಒಳಗಡೆ ಮಡಚಿಕೊಂಡಿರುತ್ತದೆ, ಅದನ್ನು ಕೆರೆದು ತೆಗೆಯಬೇಕು. ಕೆರೆಯುವಾಗ ಪೈಪಿನ ಬಾಯಿ ಕೆಳಗಿರಲಿ. ತಾಮ್ರದ ಚೂರು ಒಳಗೆ ಹೋದರೆ ಕಂಪ್ರೆಸರ್‌ವರೆಗೂ ಹೋಗುತ್ತದೆ. ಆಮೇಲೆ ಪೈಪಿಗೆ ನಟ್ ತೂರಿಸಿ, ನಂತರ ಪೈಪಿನ ಬಾಯನ್ನು ಆಲಿಕೆಯಂತೆ ಅಗಲಿಸಬೇಕು, ಇದಕ್ಕೇ ಫ್ಲೇರ್ ಅನ್ನುವುದು. ಅಗಲಿಸಿದ ಬಾಯಿ ಸುತ್ತಲೂ ಒಂದೇ ಸಮ, ಒಳಮೈ ಕನ್ನಡಿಯಂತೆ ನುಣುಪು ಇರಬೇಕು. ಬೆರಳು ಆಡಿಸಿ ಒಂದು ಗೀರು ತಾಕಿದರೂ ನಾನು ಕತ್ತರಿಸಿ ಮತ್ತೆ ಮಾಡಿದೆ. ನಟ್ ಅನ್ನು ಮೊದಲು ಕೈಯಲ್ಲೇ ಪೂರ್ತಿ ತಿರುಗಿಸಿ, ಆಮೇಲೆ ಎರಡು ಸ್ಪ್ಯಾನರ್ ಹಿಡಿದು ಬಿಗಿ ಮಾಡಬೇಕು. ಒಂದೇ ಸ್ಪ್ಯಾನರಿನಲ್ಲಿ ತಿರುಗಿಸಿದರೆ ಪೈಪೇ ತಿರುಚಿಕೊಳ್ಳುತ್ತದೆ. ಜಾಸ್ತಿ ಬಿಗಿ ಮಾಡಿದರೂ ಫ್ಲೇರ್ ಸೀಳುತ್ತದೆ. ಎಷ್ಟು ಬಿಗಿಯಾಯಿತು ಎಂದು ಅಳೆಯುವ ಟಾರ್ಕ್ ರೆಂಚ್ ಸಿಕ್ಕರೆ ಅದೇ ಒಳ್ಳೆಯದು.

ಸೋರಿಕೆ ನೋಡಲು ನೈಟ್ರೋಜನ್ ತುಂಬಿಸಿ, ಜಾಯಿಂಟಿಗೆ ಸೋಪಿನ ನೊರೆ ಹಚ್ಚಿದೆ. ರೆಗ್ಯುಲೇಟರ್ ಇಲ್ಲದೆ ನೈಟ್ರೋಜನ್ ಮುಟ್ಟಲೇಬೇಡಿ. ಅದರ ಬದಲು ಆಕ್ಸಿಜನ್ ಅಂತೂ ಯಾವತ್ತೂ ಹಾಕಬೇಡಿ. ಎಣ್ಣೆಗೆ ತಾಗಿದರೆ ಸ್ಫೋಟವಾಗುತ್ತದೆ.

ಆಮೇಲೆ ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ತೆಗೆಯುವುದು. ಇಲ್ಲೇ ಎಲ್ಲರೂ ಅವಸರ ಮಾಡುವುದು. ಔಟ್‌ಡೋರಿನ ಗ್ಯಾಸನ್ನೇ ಸ್ವಲ್ಪ ಬಿಟ್ಟು ಪೈಪಿನ ಗಾಳಿ ಹೊರದಬ್ಬಿ, "ಆಯ್ತು ಸರ್" ಅನ್ನುವ ರೂಢಿ ಎಷ್ಟು ಕಡೆ ಇಲ್ಲ? ಗಾಳಿಯೇನೋ ಒಂದಿಷ್ಟು ಹೋಗುತ್ತದೆ, ತೇವ ಹೋಗುವುದಿಲ್ಲ. ಆ ತೇವ ಒಳಗಿನ ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಕಂಪ್ರೆಸರ್ ತಿನ್ನುತ್ತದೆ. ಪಂಪ್ ಹಾಕಿ ಒತ್ತಡ ಇಳಿಸಿದರೆ ನೀರು ಕೋಣೆಯ ಶಾಖಕ್ಕೇ ಕುದಿದು ಆವಿಯಾಗಿ ಹೊರಬರುತ್ತದೆ. ನಾನು 500 ಮೈಕ್ರಾನ್‌ಗಿಂತ (ಒಳಗೆ ಉಳಿದ ಒತ್ತಡದ ಅಳತೆ ಇದು) ಕೆಳಗೆ ಇಳಿಸಿ, ಪಂಪಿನ ಕಡೆಯ ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಮೀಟರ್ ಮುಂದೆಯೇ ಕೂತೆ. ಅಂಕಿ ಸ್ವಲ್ಪ ಏರಿ ನಿಂತರೆ ಒಳಗೆ ಇನ್ನೂ ತೇವ ಇದೆ, ಪಂಪ್ ಮತ್ತೆ ಓಡಬೇಕು. ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ. ಆ ಮೀಟರ್ ಕೊಟ್ಟಷ್ಟು ಖಾತ್ರಿ ನನಗೆ ಬೇರೆ ಯಾವುದೂ ಕೊಟ್ಟಿಲ್ಲ. ಅಂಕಿ ಏರದೆ ಕೆಳಗೇ ನಿಂತ ಮೇಲೇ ಆಲನ್ ಕೀ ಹಾಕಿ ಔಟ್‌ಡೋರಿನ ಎರಡೂ ವಾಲ್ವ್ ಪೂರ್ತಿ ತೆರೆದೆ. ಈಗಿನ ಆರ್‌32 ಗ್ಯಾಸಿಗೆ ಬೆಂಕಿ ಹತ್ತಬಹುದು, ಹಾಗಾಗಿ ಹತ್ತಿರ ಬೀಡಿ, ದೀಪ ಏನೂ ಬೇಡ.

ನಿರ್ವಹಣೆ ಅಂದರೆ ನಮ್ಮೂರಲ್ಲಿ ಧೂಳಿನ ಜೊತೆ ಗುದ್ದಾಟ. ತೊಗರಿ ರಾಶಿ ಮಾಡುವ ದಿನಗಳಲ್ಲಿ ಹೊಟ್ಟು ಎಲ್ಲಿ ನೋಡಿದರೂ ಹಾರುತ್ತದೆ, ಔಟ್‌ಡೋರಿನ ರೆಕ್ಕೆಗಳಿಗೆ ಕಂಬಳಿ ಹೊದಿಸಿದ ಹಾಗೆ ಕೂರುತ್ತದೆ. ಬೇಸಿಗೆಗೆ ಮುಂಚೆ ಎಂಸಿಬಿ ಇಳಿಸಿ, ಪೈಪಿನ ಸಾದಾ ನೀರಿನಲ್ಲಿ ತೊಳೆಯುತ್ತೇನೆ. ಪ್ರೆಶರ್ ವಾಷರ್ ಬೇಡ, ರೆಕ್ಕೆ ಮಡಚಿಕೊಳ್ಳುತ್ತವೆ. ಒಳಗಿನ ಫಿಲ್ಟರ್ 15 ದಿನಕ್ಕೊಮ್ಮೆ ನಲ್ಲಿ ಕೆಳಗೆ. ಡ್ರೈನ್ ತಟ್ಟೆಗೆ ಒಂದು ಲೋಟ ನೀರು ಸುರಿದು ಹೊರಗೆ ಬರುತ್ತದಾ ನೋಡಿ, ಲೋಳೆ ಕಟ್ಟಿದ್ದರೆ ಆಗಲೇ ಗೊತ್ತಾಗುತ್ತದೆ. ಇನ್ವರ್ಟರ್ ಎಸಿಯ ಬೋರ್ಡ್ ಮುಚ್ಚಳ ಮಾತ್ರ ಬಿಚ್ಚಬೇಡಿ. ಕರೆಂಟ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ.

ಮನೆ ಬದಲಿಸುವಾಗಲೂ ಗ್ಯಾಸ್ ಬಿಡಬೇಕಿಲ್ಲ. ಕೂಲ್‌ನಲ್ಲಿ ಓಡಿಸುತ್ತಾ ಸಣ್ಣ ಪೈಪಿನ ವಾಲ್ವ್ ಮುಚ್ಚಿ, ಒತ್ತಡ ತೋರಿಸುವ ಗೇಜ್ ಸೊನ್ನೆಯ ಹತ್ತಿರ ಬಂದ ಕೂಡಲೇ ದೊಡ್ಡ ವಾಲ್ವ್ ಮುಚ್ಚಿ, ತಕ್ಷಣ ಎಸಿ ಆಫ್ ಮಾಡಿ. ಗ್ಯಾಸೆಲ್ಲಾ ಔಟ್‌ಡೋರಿನಲ್ಲಿ ಸೇರಿಕೊಂಡಿರುತ್ತದೆ. ಕಂಪ್ರೆಸರ್ ನಿಲ್ಲುವ ಮೊದಲು ಯಾವ ನಟ್ಟೂ ಸಡಿಲ ಮಾಡಬಾರದು, ಒಳಗೆ ಗಾಳಿ ಎಳೆದುಕೊಂಡರೆ ಕಂಪ್ರೆಸರ್ ಸಿಡಿಯುವ ಅಪಾಯ ಇದೆ.