ದಾರ, ನಟ್ಟು, ಹತ್ತು ತೂಗಾಟ: ತರಗತಿಯಲ್ಲೇ ಲೋಲಕದ ಲೆಕ್ಕ

ದಾರಕ್ಕೆ ಕಟ್ಟಿದ ಭಾರದ ವಸ್ತು ಬೇಗ ತೂಗಾಡುತ್ತದೆಯೋ, ಹಗುರದ್ದೋ? ನಾಲ್ಕನೇ ಅಥವಾ ಐದನೇ ತರಗತಿಯ ಮಕ್ಕಳನ್ನು ಕೇಳಿ ನೋಡಿ. ಭಾರದ್ದೇ ಎಂದು ಹಲವರು ಕೈ ಎತ್ತುತ್ತಾರೆ. ಸರಿ ತಪ್ಪು ಹೇಳಬೇಡಿ. ಪ್ರತಿ ಮಗುವೂ ತನ್ನ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಬರೆದಿಡದಿದ್ದರೆ ಉತ್ತರ ಬಂದಮೇಲೆ ‘ನನಗೆ ಮೊದಲೇ ಗೊತ್ತಿತ್ತು’ ಎನ್ನುವುದು ಸುಲಭ, ಅಚ್ಚರಿಯೇ ಉಳಿಯುವುದಿಲ್ಲ.

ಮೂವರಿಗೊಂದು ಗುಂಪು ಮಾಡಿ. ಪ್ರತಿ ಗುಂಪಿಗೆ ಹಿಗ್ಗದ ದಾರ ಒಂದೂವರೆ ಮೀಟರ್, ಒಂದೇ ಗಾತ್ರದ 3 ಕಬ್ಬಿಣದ ನಟ್ಟು, ಪೇಪರ್ ಕ್ಲಿಪ್, ಪೆನ್ಸಿಲ್, ಅಂಟುಪಟ್ಟಿ, ಅಳತೆ ಟೇಪು, ಸೆಕೆಂಡು ತೋರಿಸುವ ಗಡಿಯಾರ ಬೇಕು.

ಪೆನ್ಸಿಲಿನ ಅರ್ಧ ಭಾಗ ಮೇಜಿನ ಅಂಚಿನಿಂದ ಹೊರಚಾಚುವಂತೆ ಅಂಟಿಸಿ. ಅದಕ್ಕೆ ದಾರ ಕಟ್ಟಿ, ಕೆಳತುದಿಗೆ ಕ್ಲಿಪ್ಪನ್ನು ಕೊಕ್ಕೆಯಂತೆ ಬಗ್ಗಿಸಿ ಬಿಗಿಯಿರಿ. ಒಂದು ನಟ್ಟು ತೂಗುಹಾಕಿ. ಹೀಗೆ ದಾರದಲ್ಲಿ ತೂಗಾಡುವ ಭಾರವೇ ಲೋಲಕ. ಪೆನ್ಸಿಲಿನಿಂದ ನಟ್ಟಿನ ನಡುವಿನವರೆಗೆ 25 ಸೆಂಟಿಮೀಟರ್ ಇರಬೇಕು. ನಟ್ಟನ್ನು ನಾಲ್ಕು ಬೆರಳಿನ ಅಗಲದಷ್ಟು ಪಕ್ಕಕ್ಕೆ ಎಳೆದು ಸುಮ್ಮನೆ ಬಿಡಿ, ತಳ್ಳಬೇಡಿ. ಹೋಗಿ ಮರಳಿ ಬಂದರೆ ಒಂದು ತೂಗಾಟ. ಒಬ್ಬರು ಬಿಡಲಿ, ಒಬ್ಬರು ಎಣಿಸಲಿ, ಇನ್ನೊಬ್ಬರು ಗಡಿಯಾರ ನೋಡಲಿ.

ಲೆಕ್ಕ ತಪ್ಪುವುದು ಎಣಿಕೆಯಲ್ಲೇ. ನಟ್ಟು ಬಿಟ್ಟ ಕ್ಷಣವೇ ‘ಒಂದು’ ಎಂದರೆ, ‘ಹತ್ತು’ ಎನ್ನುವಾಗ ಆಗಿರುವುದು ಒಂಬತ್ತೇ ತೂಗಾಟ. ಬಿಡುವಾಗ ‘ಸೊನ್ನೆ’ ಎನ್ನುವುದನ್ನು ಎರಡು ಸಲ ಅಭ್ಯಾಸ ಮಾಡಿಸಿ. ಹತ್ತು ತೂಗಾಟಗಳ ಒಟ್ಟು ಸಮಯವನ್ನೇ ಬರೆದುಕೊಳ್ಳಿ. ಕಣ್ಣು ಕೈಗಳ ತಡ ಒಂದೇ ತೂಗಾಟದಲ್ಲಿ ದೊಡ್ಡದಾಗಿ ಕಾಣುತ್ತದೆ. ಹತ್ತಕ್ಕೆ ಹಂಚಿದಾಗ ತೀರ ಸಣ್ಣದಾಗುತ್ತದೆ. ಸರಾಸರಿ ಏಕೆ ಬೇಕೆಂದು ಬೇರೆ ಪಾಠ ಮಾಡಬೇಕಾಗಿಲ್ಲ.

ಈಗ ಮೂರೂ ನಟ್ಟು ಹಾಕಿ. ಮೂರೂ ಒಂದೇ ಕೊಕ್ಕೆಗೆ, ಅಕ್ಕಪಕ್ಕ ಇರಲಿ. ಒಂದರ ಕೆಳಗೊಂದು ಪೋಣಿಸಿದರೆ ಭಾರದ ಜೊತೆ ಉದ್ದವೂ ಬದಲಾಗುತ್ತದೆ, ಯಾವುದರಿಂದ ಏನಾಯಿತೆಂದು ತಿಳಿಯದು. ಮತ್ತೆ ಹತ್ತು ಎಣಿಸಿ. ಎರಡು ಸಲವೂ 10 ಸೆಕೆಂಡಿನ ಆಸುಪಾಸು! ಭಾರ ಹೆಚ್ಚಿದರೆ ಭೂಮಿಯ ಸೆಳೆತ ಹೆಚ್ಚುತ್ತದೆ ನಿಜ, ಆದರೆ ಅದನ್ನು ಕದಲಿಸುವ ಕಷ್ಟವೂ ಅಷ್ಟೇ ಹೆಚ್ಚುತ್ತದೆ.

ಮುಂದೆ ದಾರವನ್ನು 100 ಸೆಂಟಿಮೀಟರ್ ಮಾಡಿ. ಮೇಜಿನ ಎತ್ತರ ಸಾಲದು, ಪೆನ್ಸಿಲನ್ನು ಕಪಾಟಿನ ಮೇಲೆ ಅಂಟಿಸಿ. ಮತ್ತೆ ಮೊದಲು ಊಹೆ. ಉದ್ದ ನಾಲ್ಕು ಪಟ್ಟು, ಹಾಗಾದರೆ ಸಮಯ 40 ಸೆಕೆಂಡೇ? ಬರುವುದು ಸುಮಾರು 20. ನನಗೆ ಇಡೀ ಚಟುವಟಿಕೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಈ ಘಳಿಗೆ, ಇಲ್ಲಿ ಅವಸರ ಬೇಡ. ಶಿಕ್ಷಕರಿಗಾಗಿ ಕಾರಣ ಇಷ್ಟು: ಒಂದೇ ಕೋನದಲ್ಲಿ ಬಿಟ್ಟಾಗ ಉದ್ದ ದಾರದ ನಟ್ಟಿಗೆ ನಾಲ್ಕು ಪಟ್ಟು ದಾರಿ. ಆದರೆ ಅದು ಹೋಗುತ್ತಾ ಹೋಗುತ್ತಾ ವೇಗ ಗಳಿಸುವುದರಿಂದ ಎರಡು ಪಟ್ಟು ಸಮಯ ಸಾಕು. ಸಣ್ಣ ತೂಗಾಟದ ಸಮಯ ಉದ್ದವನ್ನೇ ಅವಲಂಬಿಸುವ ಈ ಗುಣದಿಂದಲೇ 1656ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಲೋಲಕದ ಗಡಿಯಾರ ರೂಪಿಸಿದರು.

ಬಳಿಕ 50 ಮತ್ತು 75 ಸೆಂಟಿಮೀಟರಿನಲ್ಲೂ ಅಳೆಯಿರಿ, ಸುಮಾರು 14 ಮತ್ತು 17 ಸೆಕೆಂಡು ಬರುತ್ತದೆ. ನಾಲ್ಕನೇ ತರಗತಿಯವರಿಗೆ ಕೋಷ್ಟಕ ಸಾಕು. ಐದನೆಯವರು ಚೌಕುಳಿ ಹಾಳೆಯಲ್ಲಿ ಅಡ್ಡಕ್ಕೆ ಉದ್ದ, ನಿಲುವಿಗೆ ಸಮಯ ಗುರುತಿಸಿ ಚುಕ್ಕಿಗಳನ್ನು ಸೇರಿಸಲಿ. ಸ್ಕೇಲ್ ಇಡಲು ಬಿಡಬೇಡಿ; ಗೆರೆ ಬಾಗುವುದನ್ನು ಅವರ ಕೈಯೇ ಕಂಡುಕೊಳ್ಳಲಿ.

ಕೊನೆಗೆ ಒಂದು ಸವಾಲು: 12 ಸೆಕೆಂಡಿಗೆ ಸರಿಯಾಗಿ ಹತ್ತು ಸಲ ತೂಗುವ ಲೋಲಕ ಬೇಕು, ದಾರ ಎಷ್ಟುದ್ದ? ಗೆರೆಯ ಮೇಲೆ ಬೆರಳಿಟ್ಟು ಹುಡುಕಿದರೆ 36 ಸೆಂಟಿಮೀಟರಿನ ಹತ್ತಿರ ಸಿಗುತ್ತದೆ. ಅಷ್ಟು ದಾರ ಅಳೆದು, ನಟ್ಟು ಕಟ್ಟಿ, ‘ಸೊನ್ನೆ’ಯಿಂದ ಎಣಿಸಲಿ.